ಎಂಟು ಪಾಲು ಗಾಳಿಗೆ

ನನ್ನ ಬಾಯಿ ಜೋರು ಎಂದು ಊರಿನವರು ಹೇಳುತ್ತಾರೆ. ಹೇಳಲಿ. ನೀರಿನ ಸರದಿ ನೋಡಿಕೊಳ್ಳುವವಳ ಬಾಯಿ ಮೆತ್ತಗಿದ್ದರೆ ಮೇಲಿನ ಗದ್ದೆಯವನು ಕೆಳಗಿನವನ ಪಾಲನ್ನೂ ಕುಡಿದು ಮೀಸೆ ಒರೆಸಿಕೊಳ್ಳುತ್ತಾನೆ. ಆರು ವರ್ಷದಿಂದ ಊರಿನವರೇ ಕೈಯೆತ್ತಿ ನನ್ನನ್ನು ನೀರಿನ ನ್ಯಾಯಕ್ಕೆ ಆರಿಸುತ್ತಿದ್ದಾರೆ. ಬುಗ್ಗೆಯ ನೀರು ಯಾರ ಗದ್ದೆಗೆ, ಯಾವ ದಿನ, ಎಷ್ಟು ಹೊತ್ತು ಹರಿಯಬೇಕೆಂದು ಈ ಒನೋರಿಯಾ ಹೇಳಿದರೆ ಮುಗಿಯಿತು. ನಾನು ಹುಡುಗಿಯಾಗಿದ್ದಾಗ ಆ ಬುಗ್ಗೆ ನನ್ನ ತೊಡೆಯಷ್ಟು ದಪ್ಪ ಹರಿಯುತ್ತಿತ್ತು. ಈಗ ಮಣಿಕಟ್ಟಿನಷ್ಟಿದೆ.

ಅದಕ್ಕೆ ಕಾರಣ ಕೆಳಗಿನ ಉಪ್ಪಿನ ಬಯಲಿನಲ್ಲಿರುವ ಗಣಿ. ಅವರ ಪಂಪುಗಳು ಹಗಲೂ ರಾತ್ರಿ ನೆಲದ ನೀರನ್ನು ಎಳೆಯುತ್ತವೆ. ಆ ಪಂಪುಗಳನ್ನು ಇಪ್ಪತ್ತೆರಡು ವರ್ಷ ನೋಡಿಕೊಂಡವನು ಎವಾರಿಸ್ತೊ, ನನ್ನ ತಂಗಿ ಬಾಸಿಲಿಯಾಳ ಗಂಡ. ಅವನೊಬ್ಬನೇ ಎಳೆದನೇ? ಇಲ್ಲ, ಅಷ್ಟು ಬುದ್ಧಿ ನನಗೂ ಇದೆ. ಆದರೆ ಕಂಪನಿಯ ಮುಖ ನನ್ನ ಕೈಗೆ ಸಿಗುವುದಿಲ್ಲ, ಇವನ ಮುಖ ದಿನಾ ಸಿಗುತ್ತದೆ. ಹಾಗಾಗಿ ಬೈಗುಳವೆಲ್ಲ ಇವನ ಪಾಲಿಗೆ ಬಂತು. ಹದಿನೆಂಟು ವರ್ಷ ನಾನು ಅವನ ಹೆಸರು ಹಿಡಿದು ಕರೆಯಲಿಲ್ಲ, ‘ಪಂಪಿನವನು’ ಎನ್ನುತ್ತಿದ್ದೆ. ಅವನೂ ನನ್ನನ್ನು ಅಕ್ಕ ಎನ್ನುವುದನ್ನು ಬಿಟ್ಟು, ಕಚೇರಿಯ ಅಧಿಕಾರಿಯನ್ನು ಕರೆದ ಹಾಗೆ ‘ದೋನ್ಯಾ ಒನೋರಿಯಾ’ ಎನ್ನುತ್ತಿದ್ದ.

ಗಣಿ ಕೆಲಸ ಮುಗಿಸಿ ಊರಿಗೆ ಬಂದ ಮೇಲೆ ಅವನಿಗೆ ಒಂದೇ ಹುಚ್ಚು ಹಿಡಿಯಿತು. ನಮ್ಮ ಕೊರಕಲಿನ ತಳದಲ್ಲಿ ಒಂದು ಹೊಂಡವಿದೆ. ಅದರಲ್ಲಿ ಸಿಹಿನೀರು ಸುಮ್ಮನೆ ನಿಂತಿರುತ್ತದೆ. ಅಲ್ಲಿಂದ ಗದ್ದೆಗೆ ಇಪ್ಪತ್ತು ಆಳು ಎತ್ತರ. ಡೀಸೆಲ್ ತರಬೇಕೆಂದರೆ ದೂರದ ಕಲಾಮಾ ಪೇಟೆಗೆ ಹೋಗಬೇಕು. ಈ ಮಹಾರಾಯ ಬಿಸಿಲಿನಿಂದಲೇ ನೀರೆತ್ತುತ್ತೇನೆಂದು ಹೊರಟ. ಹಳೆಯ ಡಿಶ್ ಆಂಟೆನಾಕ್ಕೆ ಕನ್ನಡಿ ಚೂರು ಅಂಟಿಸಿದ. ಗುಜರಿಯಿಂದ ಉಕ್ಕಿನ ಕೊಳವೆ ತಂದ. ಎರಡು ವರ್ಷ ಅವನ ಅಂಗಳದಲ್ಲಿ ಟಣ್ ಟಣ್ ಎಂಬ ಸದ್ದು ನಿಲ್ಲಲಿಲ್ಲ.

ಸೆಪ್ಟೆಂಬರ್ ಕೊನೆಯಲ್ಲಿ ವರ್ಷದ ಸರದಿ ಹಂಚುವ ಸಭೆ ನಡೆಯಿತು. ಬುಗ್ಗೆ ಇನ್ನೂ ಸೊರಗಿತ್ತು. ಹನ್ನೊಂದು ಮನೆಗೆ ನೀರು ಸಾಲುವುದಿಲ್ಲ, ಒಂದು ಮನೆ ಬಿಡಲೇಬೇಕು. ಎಲ್ಲರೂ ನೆಲ ನೋಡುತ್ತ ಕೂತಿದ್ದರು. ಬಾಸಿಲಿಯಾ ಎದ್ದು ನಿಂತಳು.

"ನನ್ನ ಸರದಿ ಬಿಟ್ಟುಕೊಟ್ಟೆ. ನನ್ನ ಜೋಳಕ್ಕೆ ಎಂಜಿನ್ ನೀರು ಸಾಕು."

"ತಲೆಗಿಲೆ ಕೆಟ್ಟಿದೆಯಾ? ಒಮ್ಮೆ ಬಿಟ್ಟ ಸರದಿ ಮುಂದಿನ ವರ್ಷದವರೆಗೆ ವಾಪಸ್ ಬರಲ್ಲ. ನಾನು ನಿನ್ನ ಅಕ್ಕ ಅಂತ ನಿಯಮ ಮುರಿತೀನಿ ಅಂದ್ಕೋಬೇಡ" ಎಂದೆ.

"ಮುರಿ ಅಂತ ನಾನೆಲ್ಲಿ ಅಂದೆ? ಬರ್ಕೋ."

ಬರೆದುಕೊಂಡೆ. ಬಾಸಿಲಿಯಾಳ ಒಂಬತ್ತು ಮೆಟ್ಟಿಲು ಗದ್ದೆಯಲ್ಲಿ ಜೋಳ ಆಗಷ್ಟೇ ಬೆರಳುದ್ದ ಎದ್ದಿತ್ತು. ಇನ್ನು ಅದರ ಜೀವ ಆ ಗುಜರಿ ಎಂಜಿನ್ನಿನ ಕೈಯಲ್ಲಿತ್ತು.

ಮರುದಿನ ಬೆಳಿಗ್ಗೆ ನಾನು ಕೊರಕಲಿಗೆ ಇಳಿದೆ. ಆ ವಸ್ತುವಿನ ಹತ್ತಿರ ಹೋಗುವುದಿಲ್ಲ ಎಂದು ಆಣೆ ಇಟ್ಟವಳು ನಾನು. ಆದರೆ ತಂಗಿ ಎಲ್ಲವನ್ನೂ ಅದರ ಮೇಲೆ ಇಟ್ಟ ಮೇಲೆ ನೋಡದೆ ಇರಲು ಆಗಲಿಲ್ಲ. ಎಂಜಿನ್ ಇನ್ನೂ ಜೋಡಿಸಿರಲಿಲ್ಲ. ತೊಡೆಗಾತ್ರದ ಉಕ್ಕಿನ ಕೊಳವೆ ಕಲ್ಲಿನ ಮೇಲೆ ಮಲಗಿತ್ತು. ಅದರ ಒಂದು ತುದಿ ಮಸಿ ಬಳಿದು ಕಪ್ಪಾಗಿತ್ತು. ಇನ್ನೊಂದು ತುದಿಯ ಸುತ್ತ ತೆಳ್ಳನೆಯ ತಗಡಿನ ಬಿಲ್ಲೆಗಳು ಸಾಲಾಗಿ ನಿಂತಿದ್ದವು.

"ಇದು ಹ್ಯಾಗೆ ಓಡುತ್ತೆ? ನನಗೆ ಅರ್ಥ ಆಗೋ ಹಾಗೆ ಹೇಳು" ಎಂದೆ. ಎಷ್ಟೋ ವರ್ಷದ ಮೇಲೆ ನಾನು ಅವನನ್ನು ಬೈಯದೆ ಆಡಿದ ಮೊದಲ ಮಾತು ಅದು.

ಎವಾರಿಸ್ತೊ ಕೈ ಒರೆಸಿಕೊಂಡ. "ದೋನ್ಯಾ ಒನೋರಿಯಾ, ಒಳಗೆ ಗಾಳಿ ತುಂಬಿಸಿ ಮುಚ್ಚಿದೀನಿ. ಕನ್ನಡಿ ಬಿಸಿಲನ್ನ ಈ ಕಪ್ಪು ತುದಿಗೆ ತಂದು ಹಾಕುತ್ತೆ. ಗಾಳಿ ಕಾದು ಹಿಗ್ಗುತ್ತೆ, ಒಳಗಿನ ಪಿಸ್ಟನ್ ತಳ್ಳುತ್ತೆ. ಆಮೇಲೆ ಅದೇ ಗಾಳಿ ಈ ಕಡೆ ತುದಿಗೆ ಬಂದು ಆರಿ ಕುಗ್ಗುತ್ತೆ. ಮತ್ತೆ ಆ ಕಡೆ ಹೋಗಿ ಹಿಗ್ಗುತ್ತೆ. ಅಷ್ಟೇ."

"ಹತ್ತು ಹೊರೆ ಬಿಸಿಲು ಹಾಕಿದ್ರೆ ಎಷ್ಟು ಹೊರೆ ಕೆಲಸ ಸಿಗುತ್ತೆ?"

"ಎರಡು."

"ಉಳಿದ ಎಂಟು?"

"ಗಾಳಿಗೆ."

ನನಗೆ ಮೈಯೆಲ್ಲ ಉರಿಯಿತು. ನಮ್ಮೂರಿನಲ್ಲಿ ತಟ್ಟೆ ತೊಳೆದ ನೀರನ್ನೂ ಗಿಡಕ್ಕೆ ಹಾಕುತ್ತೇವೆ. "ಎಂಟು ಪಾಲು ದಂಡ ಮಾಡೋಕೆ ಎರಡು ವರ್ಷ ಕುಟ್ಟಿದೆಯಾ?"

"ದಂಡ ಅಲ್ಲ. ಇನ್ನೂ ಜಾಣ ಮಿಸ್ತ್ರಿ ಮಾಡಿದ್ರೆ ಮೂರು ಆಗಬಹುದು, ನಾಲ್ಕಾಗಬಹುದು. ಹತ್ತಕ್ಕೆ ಹತ್ತು ಯಾವನ ಕೈಲೂ ಆಗಲ್ಲ. ಅದು ಶಾಖದ ಗುಣ. ನಾವು ಕುಡಿಯೋ ಮೊದಲು ಭೂಮಿತಾಯಿಗೆ ಒಂದು ಗುಟುಕು ಚೆಲ್ಲಲ್ವಾ? ಇದೂ ಚೆಲ್ಲಬೇಕು. ಇದು ಸ್ವಲ್ಪ ಜಾಸ್ತಿ ಚೆಲ್ಲುತ್ತೆ, ಅಷ್ಟೇ."

"ಸ್ವಲ್ಪವಂತೆ!" ಎಂದು ಮೂಗು ಮುರಿದು ಹೊರಟೆ. ಹೊರಡುವ ಮೊದಲು ಆ ಬಿಲ್ಲೆಗಳ ಮೇಲೆ ಕೈಯಿಟ್ಟೆ. ರಾತ್ರಿಯ ಹಿಮ ಇನ್ನೂ ಬಿಟ್ಟಿರಲಿಲ್ಲ, ಬೆರಳು ಮರಗಟ್ಟುವಷ್ಟು ತಣ್ಣಗಿತ್ತು. ಪಾಪ ಅನ್ನಿಸಿತು. ಯಂತ್ರದ ಮೇಲೋ ಅದನ್ನು ಮಾಡಿದವನ ಮೇಲೋ, ಹೇಳಲಾರೆ.

ಅವತ್ತು ಮನೆಗೆ ಬಂದವಳು ಪೆಟ್ಟಿಗೆಯಿಂದ ಒಳ್ಳೆಯ ಉಣ್ಣೆ ತೆಗೆದೆ. ನಮ್ಮಲ್ಲಿ ಲಾಮಾಗಳ ಕಿವಿಗೆ ಬಣ್ಣದ ಉಣ್ಣೆಯ ಕುಚ್ಚು ಕಟ್ಟುತ್ತೇವೆ, ಅದಕ್ಕೆ ಹೂ ಮುಡಿಸುವುದು ಎನ್ನುತ್ತೇವೆ. ಹೊಸ ಲಾರಿ ಬಂದರೂ, ಹೊಲಿಗೆ ಯಂತ್ರ ಬಂದರೂ ಹೂ ಮುಡಿಸದೆ ಕೆಲಸಕ್ಕೆ ಹಚ್ಚುವುದಿಲ್ಲ. ಮುಡಿಸುವವರು ಮನಸ್ಸಿನಲ್ಲಿ ಕಹಿ ಇಟ್ಟುಕೊಂಡಿರಬಾರದು. ಒಮ್ಮೆ ಕಟ್ಟಿದ ಕುಚ್ಚನ್ನು ಯಾರೂ ಬಿಚ್ಚುವುದಿಲ್ಲ, ಅದು ತಾನಾಗಿ ಸವೆದು ಉದುರಬೇಕು. ಬಿಚ್ಚಿದರೆ ಕಟ್ಟಿದವರ ಮುಖಕ್ಕೆ ಉಗಿದ ಹಾಗೆ.

ಆರು ದಿನ ಕೂತು ನೂತೆ. ನೂಲುತ್ತ ನೂಲುತ್ತ ಹದಿನೆಂಟು ವರ್ಷದ ಸಿಟ್ಟಿನ ಲೆಕ್ಕ ತೆಗೆದು ನೋಡಿದೆ. ಆ ಮನುಷ್ಯ ಮೂರು ಮಕ್ಕಳನ್ನು ಸಾಕಲು ಪಂಪು ನೋಡಿಕೊಂಡ. ನನ್ನ ಗಂಡ ಬದುಕಿದ್ದಿದ್ದರೆ, ಆ ಕೆಲಸ ಸಿಕ್ಕಿದ್ದಿದ್ದರೆ, ಬೇಡ ಎನ್ನುತ್ತಿದ್ದನೇ? ಸಾಕು, ಒನೋರಿಯಾ, ಎಂದು ನನಗೆ ನಾನೇ ಹೇಳಿಕೊಂಡೆ.

ಭಾನುವಾರ ಬೆಳಿಗ್ಗೆ ಊರೆಲ್ಲ ಕೊರಕಲಿನಲ್ಲಿ ಸೇರಿತು. ಭೂಮಿತಾಯಿಗೆ ಕೋಕಾ ಎಲೆ ಹಾಸಿ, ವೈನ್ ಚೆಲ್ಲಿ ಆಯಿತು. ನಾನು ಗಂಟು ಬಿಚ್ಚಿದೆ. ಕುಚ್ಚು ಮಾತ್ರವಲ್ಲ, ಕೆಂಪು ನೇರಳೆ ಉಣ್ಣೆಯ ದಪ್ಪ ಪಟ್ಟಿಗಳು, ಒಂದೊಂದೂ ಮುಂಗೈ ಗಾತ್ರ. ಅವನ್ನು ಆ ತಣ್ಣನೆಯ ತಗಡಿನ ಬಿಲ್ಲೆಗಳ ನಡುವೆ ತೂರಿಸಿ, ಮೇಲೆ ಸುತ್ತಿ, ತುದಿಗೆ ಕುಚ್ಚು ಇಳಿಬಿಟ್ಟು ಗಂಟು ಹಾಕಿದೆ. ಇರುಳಿನ ಹಿಮಕ್ಕೆ ಅದು ನಡುಗದಿರಲಿ, ಗಾಳಿಗೆ ಹೋಗುವ ಎಂಟು ಪಾಲಿನಲ್ಲಿ ಒಂದೆರಡಾದರೂ ಒಳಗೆ ಉಳಿಯಲಿ ಎಂದು ನನ್ನ ಎಣಿಕೆ. ಎವಾರಿಸ್ತೊ ಏನೋ ಹೇಳಲು ಬಾಯಿ ತೆರೆದ. ನನ್ನ ಮುಖ ನೋಡಿದ. ಬಾಯಿ ಮುಚ್ಚಿದ. ಅವನ ಕಣ್ಣು ಒದ್ದೆಯಾಗಿತ್ತು, ಸಂತೋಷಕ್ಕೆ ಎಂದುಕೊಂಡೆ.

ಕನ್ನಡಿ ತಿರುಗಿಸಿದ ಕೂಡಲೇ ಎಂಜಿನ್ ಟುಕು ಟುಕು ಎಂದು ಓಡಿತು. ಮೇಲಿನ ತೊಟ್ಟಿಗೆ ನೀರು ಬಿದ್ದಾಗ ಬಾಸಿಲಿಯಾ ಅತ್ತಳು. ನಾವೆಲ್ಲ ಜೋಳ ಮಾಂಸದ ಪತಾಸ್ಕಾ ಸಾರು ಬಡಿಸಿಕೊಂಡೆವು. ಬಟ್ಟಲು ಅರ್ಧ ಖಾಲಿಯಾಗುವಷ್ಟರಲ್ಲಿ ಟುಕು ಟುಕು ನಿಧಾನವಾಯಿತು. ಹನ್ನೊಂದು ಗಂಟೆಗೆ ನಿಂತೇ ಹೋಯಿತು. ಬಿಸಿಲು ಆಗಷ್ಟೇ ಏರುತ್ತಿತ್ತು.

ಮರುದಿನವೂ ಅಷ್ಟೇ, ಅದರ ಮರುದಿನವೂ ಅಷ್ಟೇ. ಬೆಳಗಿನ ಚಳಿಯಲ್ಲಿ ಕುದುರೆಯ ಹಾಗೆ ಓಡುವುದು, ಹನ್ನೊಂದಕ್ಕೆ ಉಸಿರು ಬಿಡುವುದು. ಊರಿನವರು ಸಲಹೆ ಕೊಡುವುದರಲ್ಲಿ ಹಿಂದೆ ಬೀಳಲಿಲ್ಲ. ಬಿಸಿಲು ಸಾಲದು ಎಂದರು. ಇನ್ನೆರಡು ಕನ್ನಡಿ ತಂದು ಕಟ್ಟಿದರು. ಆಗ ಹತ್ತೂವರೆಗೇ ನಿಂತಿತು. ಒಂಬತ್ತು ಮೆಟ್ಟಿಲಲ್ಲಿ ಮೇಲಿನ ಮೂರು ಮಾತ್ರ ನೆನೆಯುತ್ತಿದ್ದವು. ನಾಲ್ಕನೆಯದರಿಂದ ಕೆಳಗೆ ಜೋಳದ ಎಲೆ ಸುರುಳಿ ಸುತ್ತಲು ಶುರುವಾಯಿತು. ಬಾಸಿಲಿಯಾ ಬಿಂದಿಗೆ ಹೊತ್ತು ಹತ್ತಿ ಇಳಿದು ಹೆಗಲು ಬಾವು ಬರಿಸಿಕೊಂಡಳು.

ಪಕ್ಕದ ಮನೆಯ ತೆಯೊಫಿಲೊ, ಯಾವಾಗಲೂ ಹಲ್ಲು ಕಿರಿಯುವವನು, ದಾರಿಯಲ್ಲಿ ಸಿಕ್ಕಿ ಹೇಳಿದ: "ನಿಮ್ಮ ಕೈಗುಣ ಕಣ್ರೀ ದೋನ್ಯಾ. ಹೂ ಮುಡಿಸೋ ಹಿಂದಿನ ದಿನ ಪಂಪಿನವನು ಓಡಿಸಿ ನೋಡಿದ್ದ, ಸಂಜೆ ತನಕ ಓಡಿತ್ತು. ನೀವು ಮುಟ್ಟಿದ್ದೇ ತಡ!"

"ನಿನ್ನ ನಾಲಿಗೆಗೂ ಒಂದು ಕುಚ್ಚು ಕಟ್ಟಬೇಕಿತ್ತು" ಎಂದೆ. ಆದರೆ ಆ ಮಾತು ಮುಳ್ಳಾಗಿ ಉಳಿಯಿತು. ಅವನನ್ನು ಮನಸಾರೆ ಕ್ಷಮಿಸದೆ ಹೂ ಮುಡಿಸಿದೆನೇ ಎಂದು ನನ್ನನ್ನೇ ಕೇಳಿಕೊಂಡೆ. ಇಲ್ಲ, ಕ್ಷಮಿಸಿದ್ದೆ. ಹಾಗಾದರೆ ಇದೇನು?

ಎಂಟನೆಯ ದಿನ ಮಧ್ಯಾಹ್ನ ಕೊರಕಲಿನಿಂದ ಸದ್ದು ಕೇಳಿಸಿತು. ಗಂಟೆ ಹನ್ನೆರಡು, ಎಂಜಿನ್ ಓಡುತ್ತಿದೆ! ಓಡಿ ಹೋಗಿ ಬಂಡೆಯ ಮೇಲಿಂದ ಬಗ್ಗಿ ನೋಡಿದೆ. ಎವಾರಿಸ್ತೊ ಒಬ್ಬನೇ ಇದ್ದ. ಹೊಂಡದಿಂದ ಬಕೆಟ್ಟಿನಲ್ಲಿ ನೀರು ಮೊಗೆದು ನನ್ನ ಉಣ್ಣೆಯ ಮೇಲೆ ಸುರಿಯುತ್ತಿದ್ದ. ನೀರು ಸೋರಿ ಮರಳಿಗೆ ಹೋಗುತ್ತಿತ್ತು.

ನನಗೆ ಕಣ್ಣು ಕತ್ತಲೆ ಬಂತು. "ಏಯ್! ಅಲ್ಲಿ ಜೋಳ ಒಣಗ್ತಿದೆ, ಇಲ್ಲಿ ಮರಳಿಗೆ ಸ್ನಾನ ಮಾಡಿಸ್ತಿದೀಯಾ?"

ಬಕೆಟ್ ಅವನ ಕೈಯಿಂದ ಜಾರಿತು. "ದೋನ್ಯಾ ಒನೋರಿಯಾ, ಸ್ವಲ್ಪ ತಣ್ಣಗಾಗಲಿ ಅಂತ..."

"ತಣ್ಣಗಾಗಬೇಕಾ? ಬಿಸಿಲಿನ ಎಂಜಿನ್ ತಣ್ಣಗಾಗಬೇಕಾ? ಗಣೀಲಿ ನೀರು ಎಳೆದು ಎಳೆದು ಬೆಲೆ ಮರೆತುಬಿಟ್ಟಿದೀಯ! ಊರ ನೀರು ಕುಡಿದ ಕಳ್ಳ, ಈಗ ಹೆಂಡತಿ ನೀರನ್ನೂ ಚೆಲ್ತಿದೀಯ!"

ಸದ್ದಿಗೆ ನಾಲ್ಕು ಜನ ಸೇರಿದ್ದರು. ತೆಯೊಫಿಲೊ ಕೂಡ ಹಲ್ಲು ಮುಚ್ಚಿಕೊಂಡ. ಎವಾರಿಸ್ತೊ ಟೋಪಿ ತೆಗೆದು, ತಲೆ ತಗ್ಗಿಸಿ, ಬಕೆಟ್ಟನ್ನು ಬೋರಲು ಹಾಕಿದ. ನೀರಿನ ನ್ಯಾಯದಲ್ಲಿ ತಪ್ಪು ಒಪ್ಪಿಕೊಳ್ಳುವ ರೀತಿ ಅದು. ನಾನು ಗೆದ್ದವಳ ಹಾಗೆ ಮೇಲೆ ಹತ್ತಿ ಬಂದೆ. ಆ ನಡಿಗೆ ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಎರಡು ದಿನ ಬಿಟ್ಟು ಕಾಲುವೆ ಶುಚಿ ಮಾಡುವ ಹಬ್ಬ. ಸರದಿ ಇರುವ ಮನೆಗಳ ಗಂಡಸರೆಲ್ಲ ನಸುಕಿನಿಂದಲೇ ಗುದ್ದಲಿ ಹಿಡಿದು ಬುಗ್ಗೆಯಿಂದ ಗದ್ದೆಯವರೆಗೆ ಹೂಳೆತ್ತುತ್ತಾರೆ. ಮುಗಿದ ಮೇಲೆ ಹೊಸ ನೀರು ಮೊದಲು ಹಿಟ್ಟಿನ ಗಿರಣಿಗೆ ಹೋಗಬೇಕು. ಅಜ್ಜಂದಿರ ಕಾಲದ ನೀರಿನ ಗಿರಣಿ ಅದು. ಮೇಲಿಂದ ನೀರು ಬಿದ್ದು ಕೆಳಗಿನ ಮರದ ಚಕ್ರ ತಿರುಗುತ್ತದೆ, ಮೇಲೆ ಬೀಸುಕಲ್ಲು ತಿರುಗುತ್ತದೆ.

ನೀರು ಬಿಟ್ಟೆವು. ಕಲ್ಲು ಗಿರ್ರೆಂದು ತಿರುಗಿತು. ಎಲ್ಲರೂ ಟೋಪಿ ಎತ್ತಿ ಕೂಗಿದರು. ಸ್ವಲ್ಪ ಹೊತ್ತಿಗೆ ಕಲ್ಲು ನಿಧಾನವಾಯಿತು, ನರಳಿತು, ನಿಂತಿತು.

"ನೀರು ಸಾಲ್ತಿಲ್ಲ!" ತೆಯೊಫಿಲೊ ಕೂಗಿದ. "ತೂಬಿನ ಬಾಗಿಲು ಪೂರ್ತಿ ತೆಗೀರಿ!"

ಪೂರ್ತಿ ತೆಗೆದರು. ಕಲ್ಲು ಅಲುಗಲಿಲ್ಲ. ನಾನು ಗಿರಣಿಯ ಕೆಳಗಿನ ಗೂಡಿಗೆ ಬಗ್ಗಿ ನೋಡಿದೆ. ಚಕ್ರ ನೀರಿನಲ್ಲಿ ಮುಳುಗಿ ನಿಂತಿತ್ತು. ನೀರು ಹೊರಗೆ ಹೋಗುವ ಬಾಲದ ಕಾಲುವೆಯಲ್ಲಿ ಹುಲ್ಲೂ ಕೆಸರೂ ತುಂಬಿ ಕಟ್ಟಿಕೊಂಡಿತ್ತು. ಅದನ್ನು ಶುಚಿ ಮಾಡಲು ಯಾರಿಗೂ ನೆನಪಾಗಿರಲಿಲ್ಲ.

"ಅಯ್ಯೋ ಕತ್ತೆಗಳಾ!" ನಾನು ಕಿರುಚಿದೆ. "ಮೇಲಿಂದ ಸುರಿದ್ರೆ ಏನು ಬಂತು? ಬರೀ ನೀರು ಬಂದ್ರೆ ಕಲ್ಲು ತಿರುಗಲ್ಲ, ಬಂದ ನೀರು ಬಿದ್ದು ಹೊರಗೆ ಹೋಗಬೇಕು! ಹೋಗೋ ಬಾಯಿಗೆ ಬಟ್ಟೆ ತುರುಕಿದ ಹಾಗೆ..."

ಮಾತು ಅಲ್ಲಿಗೇ ನಿಂತಿತು. ಬಟ್ಟೆ ತುರುಕಿದ ಹಾಗೆ. ನನ್ನ ಕೈಗಳನ್ನೇ ನೋಡಿಕೊಂಡೆ. ಆರು ದಿನ ನೂತ ಕೈಗಳು. ಶಾಖ ಕಪ್ಪು ತುದಿಯಿಂದ ಇಳಿದು ತಣ್ಣನೆಯ ತುದಿಯಿಂದ ಹೊರಗೆ ಬೀಳಬೇಕು. ಬೀಳುವಾಗಲೇ ಅದು ಕೆಲಸ ಮಾಡುವುದು. ಆ ತುದಿ ತಣ್ಣಗಿರುವುದೇ ಅದರ ಕಸುಬು. ಎಂಟು ಪಾಲು ಹೊರಗೆ ಹೋಗದಿದ್ದರೆ ಎರಡು ಪಾಲೂ ಸಿಗುವುದಿಲ್ಲ. ಪಾಪ ಎಂದು ನಾನು ಅದರ ಬಾಲದ ಕಾಲುವೆಗೆ ಉಣ್ಣೆ ತುಂಬಿದ್ದೆ. ಬೆಳಗಿನ ಚಳಿ ಇರುವಷ್ಟು ಹೊತ್ತು ಓಡುತ್ತಿತ್ತು. ಆ ತುದಿಯೂ ಕಾದ ಮೇಲೆ ಒಳಗಿನ ಗಾಳಿಗೆ ಆರಿ ಕುಗ್ಗಲು ಜಾಗವೆಲ್ಲಿ? ಇನ್ನಷ್ಟು ಕನ್ನಡಿ ಕಟ್ಟಿದಷ್ಟೂ ಬೇಗ ಉಸಿರು ಕಟ್ಟುತ್ತಿತ್ತು. ಅವನು ಸುರಿದ ನೀರು? ಅಯ್ಯೋ ದೇವರೇ. ಉಣ್ಣೆಯನ್ನು ಮುಟ್ಟದೆ ಎಂಜಿನ್ ಉಳಿಸಲು ಅವನಿಗೆ ಇದ್ದದ್ದು ಅದೊಂದೇ ದಾರಿ. ಅದಕ್ಕೆ ನಾನು ಊರೆದುರು ಅವನನ್ನು ಕಳ್ಳನನ್ನಾಗಿ ಮಾಡಿದೆ.

"ಏನಾಯ್ತು ದೋನ್ಯಾ?" ತೆಯೊಫಿಲೊ ಕೇಳಿದ.

"ಬಾಲ ಶುಚಿ ಮಾಡ್ರೋ. ನನಗೆ ಬೇರೆ ಕಡೆ ಹೂಳು ತೆಗೆಯೋದಿದೆ" ಎಂದೆ.

ಮನೆಗೆ ಹೋಗಿ ಉಣ್ಣೆ ಕತ್ತರಿಸುವ ದೊಡ್ಡ ಕತ್ತರಿ ತೆಗೆದುಕೊಂಡೆ. ಕೊರಕಲಿಗೆ ಇಳಿದಾಗ ಹನ್ನೊಂದೂವರೆ. ಎಂಜಿನ್ ನಿಂತಿತ್ತು. ಎವಾರಿಸ್ತೊ ಕನ್ನಡಿಯನ್ನು ಬಿಸಿಲಿನಿಂದ ಆಚೆ ತಿರುಗಿಸಿ, ಅದರ ನೆರಳಲ್ಲಿ ಕೂತಿದ್ದ. ಬಾಸಿಲಿಯಾ ಪಕ್ಕದಲ್ಲಿ ಖಾಲಿ ಬಿಂದಿಗೆ ಇಟ್ಟುಕೊಂಡಿದ್ದಳು. ನನ್ನ ಕೈಯಲ್ಲಿ ಕತ್ತರಿ ಕಂಡು ಇಬ್ಬರೂ ಎದ್ದರು.

ನಾನು ಮೊದಲ ಪಟ್ಟಿಗೆ ಕತ್ತರಿ ಹಾಕಿದೆ.

"ಬೇಡಿ!" ಅವನು ನನ್ನ ಕೈ ಹಿಡಿದ. "ನೀವು ಕಟ್ಟಿದ್ದು ಅದು."

"ಕಟ್ಟಿದವಳೇ ಬಿಚ್ಚಿದ್ರೆ ಯಾರ ಮುಖಕ್ಕೂ ಉಗಿದ ಹಾಗಾಗಲ್ಲ. ಕೈ ಬಿಡು. ನಿನಗೆ ಯಾವಾಗಿನಿಂದ ಗೊತ್ತಿತ್ತು?"

ಅವನು ನೆಲ ನೋಡಿದ. "ಮೊದಲ ದಿನದಿಂದ."

"ಬಾಸಿಲಿಯಾ, ನಿನಗೆ?"

"ನನಗೂ ಹೇಳಿದ್ರು" ಎಂದಳು ತಂಗಿ. "ಅಕ್ಕನ ಹತ್ತಿರ ಬಾಯಿ ಬಿಟ್ಟರೆ ನೋಡು ಅಂದ್ರು."

"ಜೋಳ ಸಾಯ್ತಾ ಇತ್ತಲ್ಲಾ! ಊರೆಲ್ಲ ನಗ್ತಾ ಇತ್ತು. ನಾನು ನಿನ್ನನ್ನ ಕಳ್ಳ ಅಂದೆ. ಆಗಲಾದ್ರೂ ಹೇಳಬಾರದಿತ್ತಾ? ನಿನ್ನ ಬಾಯಿಗೆ ಏನಾಗಿತ್ತು?"

ಎವಾರಿಸ್ತೊ ಹೇಳಿದ: "ಹದಿನೆಂಟು ವರ್ಷ ಆದ್ಮೇಲೆ ನೀವು ನನಗೆ ಒಂದು ಹೂವು ಕಟ್ಟಿದ್ರಿ, ಅಕ್ಕಾ. ಅದನ್ನ ಬಿಚ್ಚಿ ಅಂತ ಯಾವ ಬಾಯಲ್ಲಿ ಹೇಳಲಿ? ಜೋಳ ಮುಂದಿನ ವರ್ಷ ಮತ್ತೆ ಬರುತ್ತೆ."

ನಾನು ಅಳುವವಳಲ್ಲ. ಗಂಡ ಸತ್ತಾಗಲೂ ಜನರ ಮುಂದೆ ಅತ್ತವಳಲ್ಲ. ಅವತ್ತು ಉಣ್ಣೆ ಕತ್ತರಿಸುತ್ತ ಅತ್ತೆ, ಮೂಗು ಸೋರುವಷ್ಟು ಅತ್ತೆ. ಬಿಲ್ಲೆಗಳ ನಡುವೆ ಸಿಕ್ಕಿದ ಎಳೆಗಳನ್ನು ಬಾಸಿಲಿಯಾ ತಲೆಪಿನ್ನಿನಿಂದ ಕೆದಕಿ ತೆಗೆದಳು. ಕೊನೆಯ ಪಟ್ಟಿ ಬಂದ ಕೂಡಲೇ ಕೊರಕಲಿನ ಗಾಳಿ ತಗಡುಗಳ ನಡುವೆ ನುಗ್ಗಿ ಸಿಳ್ಳೆ ಹಾಕಿತು. ಎದುರಿಗೆ ಕೈಯೊಡ್ಡಿದೆ. ಬೆಂಕಿಯ ಹಾಗೆ ಬಿಸಿಗಾಳಿ. ನನ್ನ ಎಂಟು ಪಾಲು ಹೋಗುತ್ತಿತ್ತು. ಹೋಗಲಿ ಬಿಡು ಎಂದುಕೊಂಡೆ, ಜೀವನದಲ್ಲಿ ಮೊದಲ ಸಲ.

ತಗಡು ಆರುವವರೆಗೆ ಕಾದು ಎವಾರಿಸ್ತೊ ಕನ್ನಡಿ ತಿರುಗಿಸಿದ. ಎಂಜಿನ್ ಕೆಮ್ಮಿತು, ಹಿಡಿಯಿತು. ಒಂದು ಗಂಟೆಗೆ ಓಡುತ್ತಿತ್ತು. ಮೂರಕ್ಕೆ ಓಡುತ್ತಿತ್ತು. ಬಿಸಿಲು ಬೆಟ್ಟದ ಹಿಂದೆ ಇಳಿಯುವವರೆಗೂ ಓಡಿತು. ಆರನೆಯ ಮೆಟ್ಟಿಲಿನವರೆಗೆ ಜೋಳ ಎರಡು ದಿನದಲ್ಲಿ ಎಲೆ ಬಿಚ್ಚಿತು. ಕೊನೆಯ ಮೂರು ಮೆಟ್ಟಿಲು ಉಳಿಯಲಿಲ್ಲ. ಅದು ನನ್ನ ತಪ್ಪು. ಮುಂದಿನ ಸಭೆಯಲ್ಲಿ ಎದ್ದು ನಿಂತು, ಬಕೆಟ್ ಬೋರಲು ಹಾಕಿ ಹೇಳಿದೆ. ನನ್ನ ಗದ್ದೆಯ ಜೋಳದಲ್ಲಿ ಮೂರು ಮೆಟ್ಟಿಲಿನಷ್ಟನ್ನು ಬಾಸಿಲಿಯಾಳ ಮನೆಗೆ ಹೊರಿಸಿದೆ. ಅವಳು ಬೇಡ ಎಂದು ಜಗಳವಾಡಿದಳು, ಜಗಳದಲ್ಲಿ ನನ್ನನ್ನು ಗೆಲ್ಲುವವರು ಇನ್ನೂ ಹುಟ್ಟಿಲ್ಲ.

ಉಣ್ಣೆ ಬಿಚ್ಚಿದ ದಿನ ಸಂಜೆ ಎಂಜಿನ್ ಪಕ್ಕದಲ್ಲೇ ಮೂವರೂ ಕೂತು ವೈನ್ ಸುರಿದುಕೊಂಡೆವು. ಭೂಮಿತಾಯಿಗೆ ಎಂದು ನಾನು ಲೋಟ ಬಗ್ಗಿಸಿದವಳು ಹಾಗೇ ಬಗ್ಗಿಸುತ್ತ ಹೋದೆ. ಕೊನೆಗೆ ತಳದಲ್ಲಿ ಎರಡು ಗುಟುಕು ಉಳಿಯಿತು. ಬಾಸಿಲಿಯಾ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಳು. ಎವಾರಿಸ್ತೊ ಜೋರಾಗಿ ನಕ್ಕ, ಅವನ ನಗು ಹೇಗಿರುತ್ತದೆಂದು ನನಗೆ ಮರೆತೇ ಹೋಗಿತ್ತು.

ಮರಳಿನ ಮೇಲೆ ಕತ್ತರಿಸಿದ ಉಣ್ಣೆ ರಾಶಿ ಬಿದ್ದಿತ್ತು. ಅದರಲ್ಲಿ ಕೆಡದೆ ಉಳಿದ ಒಂದು ಕೆಂಪು ಕುಚ್ಚು ಆರಿಸಿಕೊಂಡೆ.

"ಬಾ ಇಲ್ಲಿ, ಎವಾರಿಸ್ತೊ" ಎಂದೆ. "ಕಟ್ಟಬೇಕಾದ ಜಾಗ ಬಿಟ್ಟು ಬೇರೆ ಕಡೆ ಕಟ್ಟಿದ್ದೆ ನಾನು."

ಅವನು ಟೋಪಿ ತೆಗೆದು, ಲಾಮಾ ಮರಿಯ ಹಾಗೆ ತಲೆ ಬಗ್ಗಿಸಿ ನಿಂತ. ಟೋಪಿಯ ಅಂಚಿಗೆ ಕುಚ್ಚು ಕಟ್ಟಿ, ಎರಡು ಗಂಟು ಹಾಕಿ, ಅವನ ತಲೆಗಿಟ್ಟೆ. ಆ ಕುಚ್ಚು ಈಗ ಬಿಸಿಲಿಗೆ ಬಣ್ಣ ಹೋಗಿ ಬೆಳ್ಳಗಾಗಿದೆ. ಇನ್ನೂ ಉದುರಿಲ್ಲ.